ಆಪ್ತಸಲಹೆ ಪ್ರಕರಣ: "ನಾನು ಬರೀ ಇಂಗ್ಲಿಷ್ ತಿದ್ದೋಳು, ಮೇಡಂ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ವಯಸ್ಸು 34. ಹಾಸನದ ಕಡೆಯ ಹಳ್ಳಿ, ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮ. 9 ವರ್ಷದಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್, ಅಂದರೆ ತಂತ್ರಾಂಶ ಬಳಸುವುದು ಹೇಗೆಂದು ತಿಳಿಸುವ ಕೈಪಿಡಿ ಬರೆಯುವವರು. ನನ್ನಲ್ಲಿಗೆ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. "ಇನ್ಮೇಲೆ ಎಐ ಬರೆಯುತ್ತೆ, ಎಂಜಿನಿಯರುಗಳು ಕಣ್ಣಾಡಿಸಿದರೆ ಸಾಕು" ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಅಂದಿದ್ದರಂತೆ. ಅಂದಿನಿಂದ ರಾತ್ರಿ ಮೂರಕ್ಕೆ ಎಚ್ಚರ.

"ನಾನು ಬರೀ ಇಂಗ್ಲಿಷ್ ತಿದ್ದೋಳು, ಮೇಡಂ. ಅದೂ ಕನ್ನಡ ಮೀಡಿಯಂನೋಳು."

ಆಪ್ತಸಲಹೆಯ ಕಡೆ ಬರುವ ಮುನ್ನ ನಾನೂ ಕೆಲ ವರ್ಷ ಅದೇ ಕೆಲಸ ಮಾಡಿದ್ದೆ. ಸಮಾಧಾನದ ಮಾತು ಬಿಟ್ಟು, ಹೋದ ವಾರ ಏನೇನು ಮಾಡಿದಿರಿ ಹೇಳಿ ಎಂದೆ. ಎಂಜಿನಿಯರ್ ಕೊಟ್ಟ ಇನ್‌ಸ್ಟಾಲೇಶನ್ ಹಂತಗಳನ್ನು ಆಕೆ ಹೊಸ ಮೆಷಿನ್ನಿನಲ್ಲಿ ತಾವೇ ಮಾಡಿ ನೋಡಿದ್ದರು. ಅಡ್ಮಿನ್ ಪರ್ಮಿಷನ್ ಇಲ್ಲದೆ ನಾಲ್ಕನೇ ಹಂತ ಮುಂದೆ ಹೋಗಲಿಲ್ಲ. ಎಂಜಿನಿಯರ್‌ನ ಲ್ಯಾಪ್‌ಟಾಪಿನಲ್ಲಿ ಅದು ಮೊದಲಿನಿಂದಲೂ ಇದ್ದದ್ದರಿಂದ ಆತನಿಗೆ ಗೊತ್ತೇ ಆಗಿರಲಿಲ್ಲ.

"ಇದು ಇಂಗ್ಲಿಷ್ ತಿದ್ದಿದ್ದಾ?" ಎಂದು ಕೇಳಿದೆ. ಸುಮ್ಮನಾದರು.

ಕನ್ನಡ ಮಾಧ್ಯಮದ ಅಳುಕಿಗೆ ಬೇರೆ ಮದ್ದು ಬೇಕಿತ್ತು. ವಿಮಾನ ನಿರ್ವಹಣೆಯ ಕೈಪಿಡಿಗಳಿಗಾಗಿ ಹುಟ್ಟಿದ 'ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್' ನಿಯಮಗಳನ್ನು ತೋರಿಸಿದೆ. ಮಾಡಬೇಕಾದ ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು, ವಿವರಣೆಯದಾದರೆ 25. ಓದುವ ಮೆಕ್ಯಾನಿಕ್‌ಗಳಲ್ಲಿ ಬಹಳ ಜನರ ಮನೆಮಾತು ಇಂಗ್ಲಿಷ್ ಅಲ್ಲ, ಅದಕ್ಕೇ. ಆಕೆ ನಾಚಿಕೊಳ್ಳುತ್ತಿದ್ದ ಗಿಡ್ಡ ವಾಕ್ಯಗಳನ್ನು ಅಲ್ಲಿ ನಿಯಮ ಮಾಡಿ ಕೇಳುತ್ತಾರೆ. (ಕಾನ್ವೆಂಟಿನವರ ಉದ್ದುದ್ದ ವಾಕ್ಯ ಕತ್ತರಿಸುವುದರಲ್ಲೇ ನನ್ನ ಅರ್ಧ ನೌಕರಿ ಕಳೆದಿತ್ತು.)

ಹಾಗಂತ ಭಯವೆಲ್ಲ ಸುಳ್ಳೆಂದು ನಾನು ಹೇಳಲಿಲ್ಲ. ಇಷ್ಟು ವರ್ಷವೂ ಕೈಪಿಡಿ ಸಿದ್ಧಪಡಿಸುವ ಫ್ರೇಮ್‌ಮೇಕರ್ ಎಂಬ ತಂತ್ರಾಂಶ ಒಂದನ್ನೇ ನೆಚ್ಚಿಕೊಂಡಿದ್ದರು. ಈಗ ಅನೇಕ ಕಡೆ ಡಾಕ್ಯುಮೆಂಟೂ ಕೋಡಿನ ಜೊತೆಗೇ, ಯಾರು ಏನು ಬದಲಿಸಿದರೆಂದು ದಾಖಲಿಸಿಡುವ ಗಿಟ್‌ನಲ್ಲಿರುತ್ತದೆ. ಅಲ್ಲಿ ಬರೆಯಲು ಬಳಸುವ ಮಾರ್ಕ್‌ಡೌನ್ (ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಕ್ರಮ) ಕಲಿಯುವುದು ಒಂದು ಮಧ್ಯಾಹ್ನದ ಕೆಲಸ. ಗಿಟ್‌ಗೆ ಒಂದು ತಿಂಗಳು ಕೊಡಿ, ದಿನಕ್ಕೆ ಮುಕ್ಕಾಲು ಗಂಟೆ, ಅದೂ ಬೆಳಿಗ್ಗೆ ಎಂದೆ. ರಾತ್ರಿ ಸ್ಕ್ರೀನ್ ಮುಂದೆ ಕೂತರೆ ಇರುವ ನಿದ್ದೆಯೂ ಹೋಗುತ್ತದೆ.

ಬೇರೆ ಕಡೆ ಕೆಲಸ ಕೇಳುವಾಗ ತೋರಿಸಲು ತಾವು ಬರೆದದ್ದರ ಮಾದರಿ ಇರಲಿಲ್ಲ. ಬರೆದದ್ದೆಲ್ಲ ಕಂಪನಿಯ ಗುಟ್ಟು. ಹೆಸರು ಅಳಿಸಿಯೂ ಅದನ್ನು ಹೊರಗೆ ತರಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ತಾವು ನಿಜವಾಗಿ ಬಳಸುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ, ಹೊರಗಿನವರೂ ತಿದ್ದುಪಡಿ ಕಳಿಸಬಹುದಾದ) ತಂತ್ರಾಂಶವೊಂದರ ಇನ್‌ಸ್ಟಾಲೇಶನ್ ಪುಟ ಹಿಡಿದು ಮಾಡಿ ನೋಡಿ, ಎಡವಿದ ಜಾಗ ತಿದ್ದಿ ಕಳಿಸಿದರೆ ಅದೇ ಮಾದರಿ.

ಎಂಜಿನಿಯರುಗಳು ಉತ್ತರಿಸುವುದಿಲ್ಲವೆಂಬ ದೂರೂ ಇತ್ತು. "ಇದು ಹೇಗೆ ಕೆಲಸ ಮಾಡುತ್ತೆ?" ಎಂಬ ಮೇಲ್ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ. ತಿಳಿದಷ್ಟು ಬರೆದು "ಇದು ಸರಿಯಾ?" ಎಂದು ಕಳಿಸಿ ಎಂದೆ. ತಪ್ಪು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

ಮ್ಯಾನೇಜರ್ ಜೊತೆ ವಾದ ಬೇಡವೆಂದೆ. ಎಐ ಬರೆದ ಡ್ರಾಫ್ಟನ್ನೇ ಹೊಸ ಮೆಷಿನ್ನಿನಲ್ಲಿ ನಡೆಸಿ, ಎಲ್ಲೆಲ್ಲಿ ನಿಂತಿತೆಂದು ಒಂದು ಪುಟ ಬರೆದು ಕೊಡುವುದು. ನಿಲ್ಲದೆ ಸಾಗಿದರೆ ಹಾಗೆಂದೇ ಬರೆಯುವುದು.

ಮೂರನೇ ಭೇಟಿಯ ಹೊತ್ತಿಗೆ ಓಪನ್ ಸೋರ್ಸ್‌ನವರು ಆಕೆಯ ತಿದ್ದುಪಡಿ ಸೇರಿಸಿಕೊಂಡಿದ್ದರು, ಮೂರೇ ಸಾಲು. ಫೋನಿನಲ್ಲಿ ಎರಡು ಸಲ ತೋರಿಸಿದರು. ಮ್ಯಾನೇಜರ್‌ಗೆ ಪುಟ ಇನ್ನೂ ಕೊಟ್ಟಿಲ್ಲ. ವಾರಕ್ಕೆರಡು ದಿನ ಈಗಲೂ ಮೂರಕ್ಕೆ ಎಚ್ಚರವಾಗುತ್ತದೆ. ತಿಂಗಳೊಳಗೆ ಸರಿಹೋಗದಿದ್ದರೆ ವೈದ್ಯರನ್ನು ಕಾಣುವಂತೆ ಹೇಳಿದ್ದೇನೆ.