ಪ್ರತಿಕ್ರಿಯೆ: ವಿಟಮಿನ್ ಇ-ಯ ಆಲ್ಫಾ, ಗಾಮಾ ರೂಪಗಳೆರಡರಲ್ಲೂ ಅದೇ ಓಎಚ್ (ಆಕ್ಸಿಜನ್-ಹೈಡ್ರೋಜನ್ ಗುಂಪು) ಇದ್ರೂ ಆಂಟಿಆಕ್ಸಿಡೆಂಟ್ ಆಗಿ ಆಲ್ಫಾನೇ ಯಾಕೆ ಜಾಸ್ತಿ ಸ್ಟ್ರಾಂಗ್?

ಒಳ್ಳೆ ಪ್ರಶ್ನೆ ಕೇಳಿದೀರ. ಓಎಚ್ ಎರಡರಲ್ಲೂ ಒಂದೇ ನಿಜ, ಆದ್ರೆ ಅದರ ಸುತ್ತ ಏನಿದೆ ಅನ್ನೋದೇ ಮುಖ್ಯ. ಆಲ್ಫಾ ರೂಪದ, ಅಂದ್ರೆ ಆಲ್ಫಾ ಟೋಕೋಫೆರಾಲ್‌ನ ರಿಂಗ್ ಮೇಲೆ 3 ಮೀಥೈಲ್ (ಸಿಎಚ್3) ಗುಂಪು, ಗಾಮಾದಲ್ಲಿ 2. ಈ ಮೀಥೈಲ್‌ಗಳು ರಿಂಗ್‌ಗೆ ಎಲೆಕ್ಟ್ರಾನ್ ತಳ್ತಾವೆ, ಪಕ್ಕದ ರಿಂಗ್‌ನಲ್ಲಿರೋ ಆಕ್ಸಿಜನ್ ಕೂಡ ಸಪೋರ್ಟ್ ಕೊಡುತ್ತೆ, ಹಾಗಾಗಿ ಓ-ಎಚ್ ಬಾಂಡ್ ಸಡಿಲ ಆಗಿ ಹೈಡ್ರೋಜನ್ ಬೇಗ ಬಿಟ್ಟುಕೊಡುತ್ತೆ, ಕೊಟ್ಟ ಮೇಲೆ ಉಳಿಯೋ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರೋ ರ‍್ಯಾಡಿಕಲ್ ಕೂಡ ಸಾಕಷ್ಟು ಸ್ಥಿರವಾಗಿರೋದ್ರಿಂದ ಪಕ್ಕದ ಕೊಬ್ಬಿನ ಮೇಲೆ ಸುಲಭಕ್ಕೆ ದಾಳಿ ಮಾಡಲ್ಲ. ಕೊಬ್ಬು ಆಕ್ಸಿಡೈಸ್ ಆಗುವಾಗ ಹುಟ್ಟೋ ಪೆರಾಕ್ಸಿಲ್ ರ‍್ಯಾಡಿಕಲ್ ಪಕ್ಕದ ಕೊಬ್ಬಿನ ಜೊತೆ ರಿಯಾಕ್ಟ್ ಆಗೋದಕ್ಕಿಂತ ಸಾವಿರಾರು ಪಟ್ಟು ವೇಗವಾಗಿ ಆಲ್ಫಾ ಜೊತೆ ಆಗುತ್ತೆ, ಒಂದು ಕೊಬ್ಬಿನಿಂದ ಇನ್ನೊಂದಕ್ಕೆ ಹರಡೋ ಚೈನ್ ಅಲ್ಲೇ ಕಟ್.

ರಿಂಗ್‌ಗೆ ಅಂಟಿರೋ ಉದ್ದನೆ ಕಾರ್ಬನ್ ಬಾಲದ ಬಗ್ಗೆನೂ ಕೇಳಿದ್ರಲ್ಲ, ಅದು ರಿಯಾಕ್ಷನ್‌ನಲ್ಲಿ ಭಾಗವಹಿಸೋದೇ ಇಲ್ಲ. ಅದರ ಕೆಲಸ ಲಂಗರು ಥರ, ಮಾಲಿಕ್ಯೂಲ್‌ನ ಜೀವಕೋಶದ ಪೊರೆಯೊಳಗೆ ಹಿಡಿದಿಡೋದು. ರಿಂಗ್ ಇರೋ ತಲೆ ಭಾಗ ಪೊರೆಯ ಮೇಲ್ಮೈ ಹತ್ರ ಇರೋದ್ರಿಂದಲೇ ನೀರಿನ ಕಡೆಯಿಂದ ವಿಟಮಿನ್ ಸಿ ಬಂದು ಅದನ್ನ ಮತ್ತೆ ರೆಡಿ ಮಾಡೋಕೆ ಆಗೋದು.

ಆದ್ರೆ ದೇಹದಲ್ಲಿ ಆಲ್ಫಾ ಗೆಲ್ಲೋಕೆ ಕೆಮಿಸ್ಟ್ರಿಗಿಂತ ದೊಡ್ಡ ಕಾರಣ ಲಿವರ್, ಇದನ್ನ ತುಂಬಾ ಜನ ಬಿಟ್ಟೇಬಿಡ್ತಾರೆ. ಅಲ್ಲಿರೋ ಆಲ್ಫಾ-ಟಿಟಿಪಿ ಅನ್ನೋ ಪ್ರೋಟೀನ್ ಆಲ್ಫಾನೇ ಆರಿಸಿ ರಕ್ತಕ್ಕೆ ಕಳಿಸುತ್ತೆ, ಗಾಮಾ ಬಹುಪಾಲು ಒಡೆದು ಹೊರಗೆ ಹೋಗುತ್ತೆ. ಸಿಂಥೆಟಿಕ್ ಆಲ್ಫಾ ಟೋಕೋಫೆರಾಲ್‌ನಲ್ಲಿ 8 ಸ್ಟೀರಿಯೋಐಸೋಮರ್ (ಅದೇ ಪರಮಾಣುಗಳು, ಜೋಡಣೆಯ ದಿಕ್ಕು ಮಾತ್ರ ಬೇರೆ) ಇರ್ತವೆ, ಅದರಲ್ಲಿ ಅರ್ಧದಷ್ಟು, ಅಂದ್ರೆ ಬಾಲ ಸೇರೋ ಜಾಗದಲ್ಲಿ ದಿಕ್ಕು ತಿರುಗಿರೋ 2ಎಸ್ ರೂಪದವು, ಈ ಪ್ರೋಟೀನ್‌ಗೆ ಸರಿಯಾಗಿ ಕೂರಲ್ಲ.

ಇನ್ನೊಂದು, ಕ್ಯಾಪ್ಸೂಲ್ ಮೇಲೆ ಅಸಿಟೇಟ್ ಅಂತಿದ್ರೆ ಓಎಚ್ ಮುಚ್ಚಿದೆ ಅಂತ ಅರ್ಥ, ಕರುಳಲ್ಲಿ ಎನ್‌ಜೈಮ್ ಅದನ್ನ ಕತ್ತರಿಸೋವರೆಗೂ ಅದು ಆಂಟಿಆಕ್ಸಿಡೆಂಟೇ ಅಲ್ಲ.