ಗೋಧಿ ಬಿಟ್ಟರೂ ಹೊಟ್ಟೆ ಉಬ್ಬರ ಬಿಡುತ್ತಿಲ್ಲ

ಪ್ರಶ್ನೆ: ನನಗೆ 36 ವರ್ಷ. ಮುಳಬಾಗಿಲು ತಾಲ್ಲೂಕು. ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಗಿ ಹತ್ತು ತಿಂಗಳಾಯಿತು. ಚಪಾತಿ, ಉಪ್ಪಿಟ್ಟು ಬಿಟ್ಟು ಮುದ್ದೆ, ಅನ್ನದಲ್ಲೇ ಇದ್ದೇನೆ. ಭೇದಿ ನಿಂತಿದೆ. ಆದರೆ ಉಂಡ ಸ್ವಲ್ಪ ಹೊತ್ತಿಗೇ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಆಗಿರಬಹುದು ಅಂತಾರೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಆದರೆ ಮೊದಲು ನಿಮ್ಮೂರಿನ ಹಿಟ್ಟಿನ ಮಿಲ್ಲಿಗೆ ಹೋಗಿ ಬರೋಣ. ಸೀಲಿಯಾಕ್ ಇರುವವರ ಸಣ್ಣ ಕರುಳನ್ನು ಕೆಡಿಸುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್. ರಾಗಿಯಲ್ಲಿ ಅದು ಇಲ್ಲ, ಸರಿ. ನಿಮಗಿಂತ ಮುಂಚೆ ಬಂದವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ? ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯಲ್ಲಿ ಅಂಟಿಕೊಂಡಿದ್ದೆಲ್ಲ ನಿಮ್ಮ ರಾಗಿ ಹಿಟ್ಟಿನ ಜೊತೆ ಮನೆಗೆ ಬರುತ್ತದೆ. ಇನ್ನೊಂದು ಕಳ್ಳ, ಇಂಗು. ಅಂಗಡಿಯ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ದಿನಾ ಸಾರಿನ ಒಗ್ಗರಣೆಗೆ ಅದೇ ಅಲ್ವಾ? ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ರಕ್ತ ಪರೀಕ್ಷೆಯನ್ನೂ ಮತ್ತೆ ಮಾಡಿಸಿ. ಅದರ ಅಂಕಿ ಮೊದಲಿಗಿಂತ ಇಳಿಯದೆ ಜಾಸ್ತಿಯೇ ಇದ್ದರೆ ಗ್ಲುಟೆನ್ ಇನ್ನೂ ಒಳಗೆ ಹೋಗುತ್ತಿರುವ ಅನುಮಾನ ಬಲವಾಗುತ್ತದೆ.

ಇದೆಲ್ಲ ಸರಿಯಿದ್ದೂ ಉಬ್ಬರ ಇದ್ದರೆ ಬ್ಯಾಕ್ಟೀರಿಯಾದ ಮಾತು. ಸಣ್ಣ ಕರುಳಿನ ಒಳಗೆ ರಾಗಿ ಪೈರಿನ ಹಾಗೆ ಒತ್ತಾಗಿ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ. ಸೀಲಿಯಾಕ್‌ನಲ್ಲಿ ಅವು ಸವೆದು ಮಟ್ಟಸವಾಗುತ್ತವೆ. ಚಿಗುರಲು ತಿಂಗಳುಗಳು, ದೊಡ್ಡವರಿಗೆ ಕೆಲವೊಮ್ಮೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಹೀರದ ಆಹಾರ ಒಳಗೇ ಉಳಿಯುತ್ತದೆ, ಕರುಳಿನ ಓಟವೂ ನಿಧಾನ ಆಗಿರಬಹುದು. ದೊಡ್ಡ ಕರುಳಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಮೇಲೆ ಬಂದು ಬೆಳೆದು, ಆ ಆಹಾರವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ.

ಹಾಲೂ ಹೀಗೇ ಕಾಡುತ್ತದೆ. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಆ ಕುಚ್ಚುಗಳ ಮೇಲೇ ಇರುತ್ತದೆ. ಎರಡು ವಾರ ಹಾಲು ಬಿಟ್ಟು ನೋಡಿ, ಖರ್ಚಿಲ್ಲದ ಪರೀಕ್ಷೆ.

ಬ್ಯಾಕ್ಟೀರಿಯಾ ಜಾಸ್ತಿ ಇದೆಯೇ ಎಂದು ನೋಡುವ ಉಸಿರಿನ ಪರೀಕ್ಷೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ, ಆಗಾಗ ಉಸಿರು ಊದಿಸಿಕೊಳ್ಳುತ್ತಾರೆ. 90 ನಿಮಿಷದೊಳಗೆ ಉಸಿರಿನಲ್ಲಿ ಹೈಡ್ರೋಜನ್ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಏರಿದರೆ ಬ್ಯಾಕ್ಟೀರಿಯಾ ಜಾಸ್ತಿ ಎಂದು ಲೆಕ್ಕ. ಈ ಪರೀಕ್ಷೆ ಕೆಲವೊಮ್ಮೆ ತಪ್ಪೂ ಹೇಳುತ್ತದೆ, ಅದೊಂದನ್ನೇ ನಂಬಬಾರದು. ರಿಫಾಕ್ಸಿಮಿನ್‌ನಂಥ ಆಂಟಿಬಯೋಟಿಕ್ ಕೊಡುತ್ತಾರೆ, ಆದರೆ ಮತ್ತೆ ಮರುಕಳಿಸುವುದುಂಟು. ಸುಮ್ನೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಬೇಡಿ. ಉಬ್ಬರ ಇಳಿಯಿತು ಅಂತ ಚಪಾತಿಗೆ ವಾಪಸ್ ಹೋಗಲೂಬೇಡಿ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಇದನ್ನೆಲ್ಲ ಮಾಡುತ್ತಾ ಕೂರದೆ ಬೇಗ ಗ್ಯಾಸ್ಟ್ರೋ ಡಾಕ್ಟರನ್ನು ನೋಡಿ. ಹೋಗುವಾಗ ಹಳೇ ರಿಪೋರ್ಟಿನ ಜೊತೆ ಆ ಇಂಗಿನ ಡಬ್ಬಿಯೂ ಚೀಲದಲ್ಲಿರಲಿ.