ಫೋನಲ್ಲಿ ಮಗಳ ಮಾತು ಕಟ್ ಕಟ್ ಆಗುತ್ತಿದೆ, ಯಾವ ಕಿವಿ ಮಷಿನ್ ತಗೊಳ್ಳಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 66 ವರ್ಷ. ಸಿದ್ದಾಪುರದ ಹತ್ತಿರ ಕಾಫಿ ತೋಟ ಇದೆ. ಎರಡೂ ಕಿವಿಗೆ ಮಷಿನ್ ಹಾಕಿಕೊಂಡು ಆರು ವರ್ಷ ಆಯ್ತು. ಮನೆಯಲ್ಲಿ ಎದುರು ಕೂತು ಮಾತಾಡಿದರೆ ಪರವಾಗಿಲ್ಲ. ಫೋನ್ ಬಂದರೆ ಮಾತ್ರ ಸಂಕಟ. ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳ ಮಾತು ಅರ್ಧರ್ಧಕ್ಕೆ ಕಟ್ ಆಗುತ್ತದೆ, ಕೆಲವು ಸಲ ಒಂದೇ ಕಿವಿಗೆ ಬರುತ್ತದೆ. ಹೊಸದು ತಗೊಳ್ಳೋಣ ಅಂದರೆ ಹೋದ ಕಡೆಯೆಲ್ಲ "ಬ್ಲೂಟೂತ್ ಇದೆ ಸರ್" ಅನ್ನುತ್ತಾರೆ. ಈಗಿರುವ ಮಷಿನಿನಲ್ಲೂ ಬ್ಲೂಟೂತ್ ಇದೆಯಲ್ಲ! ನನ್ನದು ಸಾಧಾರಣ ಆಂಡ್ರಾಯ್ಡ್ ಫೋನ್. ಯಾವ ಕಂಪನಿಯದ್ದು ಒಳ್ಳೆಯದು?

ಉತ್ತರ: ಕಂಪನಿ ಹೆಸರು ಆಮೇಲೆ ನೋಡೋಣ. ಮಷಿನ್ ಬೇರೆ, ಫೋನ್ ಬೇರೆ ಅಂತ ಆರಿಸಬೇಡಿ, ಎರಡನ್ನೂ ಜೋಡಿಯಾಗಿಯೇ ನೋಡಿ. ನಿಮ್ಮ ಫೋನಿಗೆ ಜೋಡಿಸಿ, ನಿಮ್ಮ ಮನೆಯಲ್ಲೇ ಕೆಲವು ದಿನ ಬಳಸಿ, ಮಗಳ ಜೊತೆ ಮಾತಾಡಿ ನೋಡುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೀಗೆ ಟ್ರಯಲ್ ಕೊಡದವರ ಹತ್ತಿರ ತಗೊಳ್ಳುವುದೇ ಬೇಡ.

ಅದಕ್ಕೂ ಮುಂಚೆ ಒಂದು ಪರೀಕ್ಷೆ ಇದೆ. ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ಮೊಬೈಲಿಗೆ ಯಾರದ್ದಾದರೂ ಮಾತಿನ ರೆಕಾರ್ಡಿಂಗ್ ಹಾಕಿಸಿಕೊಳ್ಳಿ. ಮಗಳು ವಾಟ್ಸಾಪಿನಲ್ಲಿ ಕಳಿಸಿದ ವಾಯ್ಸ್ ಮೆಸೇಜ್ ಆದರೂ ಆಗುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ಅದನ್ನು ಮಷಿನಿನಲ್ಲಿ ಕೇಳಿ. ತುಂಡಾಗದೆ ಚೆನ್ನಾಗಿ ಬಂತಾ? ಹಾಗಾದರೆ ಫೋನಿಗೂ ಮಷಿನಿಗೂ ನಡುವಿನ ದಾರಿ ಸರಿ ಇದೆ, ತೊಂದರೆ ಹೆಚ್ಚಾಗಿ ಟವರಿನದ್ದು. ಅಲ್ಲೂ ಕಟ್ ಕಟ್ ಆದರೆ ಮಷಿನ್ ಅಥವಾ ಫೋನಿನದ್ದು. ಕೊಡಗಿನಲ್ಲಿ ಇದನ್ನು ಮಾಡದೆ ಲಕ್ಷಗಟ್ಟಲೆ ಸುರಿದರೆ ಹೊಸ ಮಷಿನಿನಲ್ಲೂ ಅದೇ ಕಟ್ ಕಟ್ ಕೇಳಿಸಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟವರಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಹಳೇ ರೀತಿಯ ಫೋನ್ ಕಾಲಿನಲ್ಲಿ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ ದಾಟುತ್ತದೆ. 4ಜಿ ಮೇಲೆ ಹೋಗುವ ಎಚ್‌ಡಿ ಕಾಲಿನಲ್ಲಿ 7,000 ಹರ್ಟ್ಜ್ ತನಕ ಬರುತ್ತದೆ. ಸ, ಶ ಇಂಥ ಅಕ್ಷರಗಳ ಸದ್ದು ಇರುವುದೇ ಆ ಮೇಲಿನ ಭಾಗದಲ್ಲಿ. ಕಿವಿ ಚೆನ್ನಾಗಿರುವವರು ಅದು ಇಲ್ಲದಿದ್ದರೂ ಊಹಿಸಿಕೊಂಡು ಹೋಗುತ್ತಾರೆ. ನಮಗೆ ನಿಮಗೆ ಹಾಗಲ್ಲ, ಕಿವಿ ಮೊದಲು ಸೋಲುವುದೇ ಆ ಭಾಗದಲ್ಲಿ. ತೋಟದ ತಗ್ಗಿಗೆ ಹೋದ ಕೂಡಲೇ ಸಿಗ್ನಲ್ 4ಜಿಯಿಂದ 2ಜಿಗೆ ಇಳಿಯುತ್ತದೆ, "ಶಾಲೆ" "ಕಾಲೆ"ಯಾಗಿ ಕೇಳುತ್ತದೆ, ಬೈಗುಳ ಮಾತ್ರ ಮಷಿನಿಗೆ. ಮನೆಯಲ್ಲಿ ವೈಫೈ ಇದ್ದರೆ ಫೋನ್ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಸಿ, ಅಥವಾ ಮಗಳಿಗೆ ವಾಟ್ಸಾಪ್ ಕಾಲ್ ಮಾಡಲು ಹೇಳಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಅರ್ಧ ಸಮಸ್ಯೆ ಕಳೆಯುತ್ತದೆ.

ಆಮೇಲೆ ಕಿವಿ ತೋರಿಸಿ. ಆರು ವರ್ಷದ ಹಿಂದಿನ ಆಡಿಯೋಗ್ರಾಂ (ಕಿವಿ ಪರೀಕ್ಷೆಯ ಗೆರೆಚಿತ್ರ) ಇಟ್ಟುಕೊಂಡು ಹೊಸ ಮಷಿನ್ ತಗೊಳ್ಳುವುದು ತಪ್ಪು. ಮೊದಲು ಗುಗ್ಗೆ ಇದ್ದರೆ ತೆಗೆಸಿ, ಆಮೇಲೆ ಪರೀಕ್ಷೆ. ಸದ್ದು ಕೇಳುವ ಪರೀಕ್ಷೆ ಮಾತ್ರ ಅಲ್ಲ, ಪದಗಳನ್ನು ಹೇಳಿ ವಾಪಸ್ ಹೇಳಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಕನ್ನಡದ ಪದಗಳಲ್ಲೇ. ನಿಮ್ಮ ಮನೆಯಲ್ಲಿ ಕೋವಿ ಇದ್ದು, ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಬಲ ಹೆಗಲಿಗೆ ಕೋವಿ ಇಟ್ಟು ಹೊಡೆಯುವವರಿಗೆ ಎಡಕಿವಿ ಜಾಸ್ತಿ ಹಾಳಾಗಿರುತ್ತದೆ. ಎಡಕಿವಿ ನಳಿಗೆಯ ಬಾಯಿಯ ಕಡೆಗಿರುತ್ತದೆ, ಬಲಕಿವಿಗೆ ತಲೆಯೇ ಮರೆ. 4,000 ಹರ್ಟ್ಜ್ ಹತ್ತಿರ ಆಡಿಯೋಗ್ರಾಂನ ಗೆರೆ ಗುಂಡಿಗೆ ಬಿದ್ದಂತೆ ಇಳಿದಿರುತ್ತದೆ. ಪಲ್ಪರ್, ಕಳೆ ಕೊಚ್ಚುವ ಮಷಿನ್, ಮರ ಕೊಯ್ಯುವ ಗರಗಸ ಇವುಗಳ ಹತ್ತಿರ ವರ್ಷಗಟ್ಟಲೆ ನಿಂತವರಿಗೂ ಆ ಜಾಗದಲ್ಲೇ ಪೆಟ್ಟು. ಯಾವ ಕಿವಿಗೆ ಮಾತು ಚೆನ್ನಾಗಿ ತಿಳಿಯುತ್ತದೆ ಅನ್ನುವುದು ಫೋನಿನ ವಿಷಯದಲ್ಲಿ ಮುಖ್ಯ.

ಈಗ ನಿಮ್ಮ ನಿಜವಾದ ಪ್ರಶ್ನೆ. "ಬ್ಲೂಟೂತ್ ಇದೆ" ಅಂದರೆ ಸಾಲದು, ಯಾವ ಬಗೆಯ ಬ್ಲೂಟೂತ್ ಅಂತ ಕೇಳಬೇಕು.

ಐಫೋನಿಗಾಗಿಯೇ ಮಾಡಿದ ಒಂದು ಬಗೆ ಇದೆ. ರಿಸೌಂಡ್ ಕಂಪನಿ 2014ರಲ್ಲಿ ಇಂಥ ಮಷಿನನ್ನು ಮೊದಲು ತಂದಿತು, ಆಮೇಲೆ ಹೆಚ್ಚು ಕಡಿಮೆ ಎಲ್ಲರೂ ಮಾಡಿದರು. ಮನೆಯಲ್ಲಿ ಐಫೋನ್ ಇರುವವರಿಗೆ ಇದು ಸಲೀಸು. ನಿಮಗೆ ಪ್ರಯೋಜನ ಇಲ್ಲ, ಬಿಡಿ.

ಆಂಡ್ರಾಯ್ಡಿಗೆ ಗೂಗಲ್ 2018ರಲ್ಲಿ ಆಶಾ ಅನ್ನುವ ಬಗೆಯನ್ನು ಪ್ರಕಟಿಸಿತು. ಆಂಡ್ರಾಯ್ಡ್ 10ರಿಂದ ಫೋನುಗಳಲ್ಲಿ ಬರಲು ಶುರುವಾಯಿತು, ಆದರೆ ಎಲ್ಲ ಫೋನುಗಳಲ್ಲೂ ಅಲ್ಲ. ಇದರಲ್ಲಿ ಸದ್ದು ಫೋನಿನಿಂದ ಮಷಿನಿಗೆ ಮಾತ್ರ ಬರುತ್ತದೆ. ನಿಮ್ಮ ಮಾತನ್ನು ಫೋನಿನ ಮೈಕೇ ಹಿಡಿಯಬೇಕು. ಫೋನನ್ನು ಮೇಜಿನ ಮೇಲಿಟ್ಟು ಅಂಗಳಕ್ಕೆ ನಡೆದರೆ ನಿಮಗೆ ಮಗಳ ಮಾತು ಕೇಳುತ್ತಿರುತ್ತದೆ, ಅವಳಿಗೆ ನಿಮ್ಮದು ಕೇಳುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳದೆ ಇರುವುದರಿಂದ ಎಷ್ಟೋ ಜನ ಮಷಿನ್ ಕೆಟ್ಟಿದೆ ಅಂದುಕೊಂಡು ಬರುತ್ತಾರೆ.

ಮೂರನೆಯದು ಮಾಮೂಲಿ ಬ್ಲೂಟೂತ್. ಕಾರಿನಲ್ಲಿ, ಇಯರ್‌ಫೋನಿನಲ್ಲಿ ಇರುವಂಥದ್ದೇ. ಫೋನಾಕ್ ಕಂಪನಿಯ ಮಾರ್ವೆಲ್ ಸರಣಿ 2018ರಲ್ಲಿ ಬಂದಾಗಿನಿಂದ ಅವರು ಇದನ್ನೇ ಮುಂದುವರಿಸಿದ್ದಾರೆ. ಇದಕ್ಕೆ ಹೆಚ್ಚು ಕಡಿಮೆ ಎಲ್ಲ ಸ್ಮಾರ್ಟ್‌ಫೋನ್ ಆಗುತ್ತದೆ, ಬ್ಲೂಟೂತ್ ಇರುವ ಕೀಪ್ಯಾಡ್ ಫೋನು ಕೂಡ ಎಷ್ಟೋ ಸಲ ಸೇರುತ್ತದೆ. ನಿಮ್ಮ ಮಾತನ್ನು ಮಷಿನಿನ ಮೈಕೇ ಹಿಡಿಯುತ್ತದೆ, ಕೈಗೆ ಫೋನ್ ಬೇಕಿಲ್ಲ. ಚಾರ್ಜ್ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಇದರಲ್ಲಿ ಫೋನಿಗೆ ಜೋಡಿಯಾಗುವುದು ಒಂದು ಬದಿಯ ಮಷಿನ್. ಅದು ಎಡವಾ ಬಲವಾ ಅಂತ ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಷಿನ್ ಹೊಂದಿಸುವ ತಜ್ಞರು) ಕಂಪ್ಯೂಟರಿನಲ್ಲಿ ಬದಲಿಸಬಹುದು. ಫೋನನ್ನು ಯಾವ ಜೇಬಿನಲ್ಲಿ ಇಡುತ್ತೀರೋ ಆ ಬದಿಗೆ ಹಾಕಿಸಿಕೊಳ್ಳಿ. ನಮ್ಮ ಮೈಯಲ್ಲಿರುವ ನೀರೇ ಬ್ಲೂಟೂತಿನ 2.4 ಗಿಗಾಹರ್ಟ್ಜ್ ಅಲೆಯನ್ನು ಹೀರಿಕೊಳ್ಳುತ್ತದೆ. ಫೋನ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದು ಜೋಡಿಯಾದ ಮಷಿನ್ ಎದುರು ಬದಿಯಲ್ಲಿದ್ದರೆ ನಡುವೆ ಪೂರ್ತಿ ಮೈಯೇ ಅಡ್ಡ. ಮಾತು ತುಂಡಾಗಲು ಇದೂ ದೊಡ್ಡ ಕಾರಣ. ಇವತ್ತೇ ಫೋನನ್ನು ಅಂಗಿಯ ಎದೆ ಜೇಬಿಗೆ ಹಾಕಿ ನೋಡಿ.

ಕೊನೆಯದು ಹೊಸದು, ಎಲ್‌ಇ ಆಡಿಯೋ. 2020ರಲ್ಲಿ ಘೋಷಣೆಯಾಗಿ, 2022ರಲ್ಲಿ ಅದರ ನಿಯಮಗಳೆಲ್ಲ ಪೂರ್ತಿಯಾದವು. ರಿಸೌಂಡ್ ನೆಕ್ಸಿಯಾ, ಓಟಿಕಾನ್ ಇಂಟೆಂಟ್ ಇಂಥವುಗಳಲ್ಲಿ ಇದೆ. ಚಾರ್ಜ್ ಕಮ್ಮಿ ತಿನ್ನುತ್ತದೆ, ಧ್ವನಿ ಸ್ವಚ್ಛ, ಎರಡೂ ಕಡೆಯಿಂದ ಮಾತು ಹೋಗುತ್ತದೆ. ಮುಂದಿನ ದಾರಿ ಇದೇ ಅಂತ ನನ್ನ ನಂಬಿಕೆ. ಆದರೆ ಫೋನೂ ಒಪ್ಪಬೇಕು. ಆಂಡ್ರಾಯ್ಡ್ ಆವೃತ್ತಿ ಹೊಸದಿದ್ದರೂ ಒಳಗಿನ ಚಿಪ್ಪು ಇದಕ್ಕೆ ತಯಾರಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ, ಕಮ್ಮಿ ಬೆಲೆಯ ಫೋನುಗಳಲ್ಲಿ ಇದು ಸಾಮಾನ್ಯ. ಮಷಿನ್ ಕಂಪನಿಯ ವೆಬ್‌ಸೈಟಿನಲ್ಲಿ ಯಾವ ಯಾವ ಫೋನಿಗೆ ಹೊಂದುತ್ತದೆ ಅಂತ ಪಟ್ಟಿ ಇರುತ್ತದೆ. ನಿಮ್ಮ ಫೋನಿನ ಮಾಡೆಲ್ ನಂಬರ್ ಅದರಲ್ಲಿ ಇದೆಯಾ ಅಂತ ಮಗಳ ಹತ್ತಿರ ನೋಡಿಸಿ. ಬರೇ ಬ್ರ್ಯಾಂಡ್ ಹೆಸರು ನೋಡಿದರೆ ಸಾಲದು.

ಹಾಗಾಗಿ ನನ್ನ ಸಲಹೆ ಹೀಗೆ. ಈಗಿರುವ ಫೋನನ್ನೇ ಇಟ್ಟುಕೊಳ್ಳುವುದಾದರೆ ಮಾಮೂಲಿ ಬ್ಲೂಟೂತ್ ಇರುವ ಮಷಿನ್ ನೋಡಿ, ಅದೇ ಸುರಕ್ಷಿತ. ಹೇಗೂ ಫೋನ್ ಬದಲಿಸುವವರಿದ್ದರೆ ಎಲ್‌ಇ ಆಡಿಯೋ ಮಷಿನ್ ಆರಿಸಿ, ಅದರ ಪಟ್ಟಿಯಲ್ಲಿರುವ ಫೋನನ್ನೇ ಕೊಳ್ಳಿ. ಫೋನ್ ಮೊದಲು ತಗೊಂಡು ಆಮೇಲೆ ಮಷಿನ್ ಹುಡುಕಬೇಡಿ.

ದುಡ್ಡಿನ ಮಾತು. ಇಂಥ ಮಷಿನಿಗೆ ಜೋಡಿಗೆ ಲಕ್ಷ, ಎರಡು ಲಕ್ಷ ಆಗುವುದು ಸಾಮಾನ್ಯ. ಒಂದೇ ಸರಣಿಯಲ್ಲಿ ಮೂರು ನಾಲ್ಕು ದರ್ಜೆ ಇರುತ್ತವೆ. ಬೆಲೆ ಏರುವುದು ಗದ್ದಲ ಕಮ್ಮಿ ಮಾಡುವ ಸೌಲಭ್ಯಕ್ಕೆ, ಮದುವೆ ಮನೆ, ಸಂತೆಯಂಥ ಕಡೆ ಮಾತು ಹೆಕ್ಕುವ ಶಕ್ತಿಗೆ. ಫೋನ್ ಜೋಡಿಸುವ ಭಾಗ ಹೆಚ್ಚಾಗಿ ಕೆಳಗಿನ ದರ್ಜೆಯಲ್ಲೂ ಅದೇ ಇರುತ್ತದೆ. ದಿನದ ಹೆಚ್ಚು ಹೊತ್ತು ಮನೆ, ತೋಟ ಅಂತ ಇರುವವರು ಫೋನಿಗಾಗಿ ಮೇಲಿನ ದರ್ಜೆ ಕೊಳ್ಳಬೇಕಿಲ್ಲ. ಉಳಿದ ದುಡ್ಡಿನಲ್ಲಿ ನಿಮ್ಮ ಕಿವಿಯ ಅಳತೆಗೆ ಒಳ್ಳೆಯ ಇಯರ್ ಮೋಲ್ಡ್ ಮಾಡಿಸಿ. ಅದರ ಬದಲು ತೂತಿರುವ ಮೆತ್ತನೆ ಡೋಮ್ (ಕಿವಿಯೊಳಗೆ ಕೂರುವ ತುದಿ) ಹಾಕಿದರೆ ಕಿವಿ ಹಗುರ ಅನ್ನಿಸುತ್ತದೆ ನಿಜ, ಆದರೆ ಫೋನಿನ ಧ್ವನಿಯ ದಪ್ಪ ಭಾಗ ಅದರಿಂದಲೇ ಸೋರಿ ಹೋಗಿ ಮಾತು ತೆಳ್ಳಗೆ ಕೇಳುತ್ತದೆ. ಇನ್ನು ಕಿವಿಯೊಳಗೆ ಪೂರ್ತಿ ಅಡಗುವ ಪುಟ್ಟ ಮಷಿನ್ ಬೇಡ. ಅದರಲ್ಲಿ ಆಂಟೆನಾಕ್ಕೆ ಜಾಗ ಇಲ್ಲದೆ ಹೆಚ್ಚಾಗಿ ಬ್ಲೂಟೂತನ್ನೇ ಬಿಟ್ಟಿರುತ್ತಾರೆ.

ಟ್ರಯಲ್ ಮಾಡುವಾಗ ಅಂಗಡಿಯ ಸ್ತಬ್ಧ ಕೋಣೆಯಲ್ಲಿ ಕೂತು ತಲೆ ಆಡಿಸಿ ಬರಬೇಡಿ. ಹೊರಗೆ ರಸ್ತೆಗೆ ಬನ್ನಿ. ಫೋನ್ ಜೇಬಿನಲ್ಲಿ ಹಾಕಿ, ಮಗಳಿಗೆ ಕಾಲ್ ಮಾಡಿ, ನಡೆಯಿರಿ, ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ. ಸಾಮಾನ್ಯ ಕಾಲ್ ಒಂದು, ವಾಟ್ಸಾಪ್ ಕಾಲ್ ಒಂದು, ಎರಡೂ ನೋಡಿ. ಬ್ಲೂಟೂತ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ತಾನಾಗಿ ಸೇರುತ್ತದಾ? ಕಾಲ್ ಮುಗಿದ ಮೇಲೆ ಮಷಿನ್ ತಕ್ಷಣ ಸುತ್ತಲಿನ ಸದ್ದಿಗೆ ವಾಪಸ್ ಬರುತ್ತದಾ? ಆಮೇಲೆ ಮನೆಗೆ ಒಯ್ದು ಅಲ್ಲೂ ಇದನ್ನೇ ಮಾಡಿ. ಆಡಿಯಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರಾ ಅಂತ ಕೇಳಲು ಸಂಕೋಚ ಬೇಡ. ಮೈಸೂರಿಗೆ ಹೋಗಲು ಆಗುವುದಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಬೇರೆ ಬೇರೆ ಮಷಿನ್ ಹಾಕಿ ನೋಡಬಹುದು. ಬೆಳಿಗ್ಗೆ ಬೇಗ ಹೋಗಿ, ಒಂದು ದಿನ ಪೂರ್ತಿ ಬೇಕು ಅಂತಲೇ ಹೊರಡಿ.

ಇನ್ನೊಂದು ಮಾತು. ಫೋನ್ ಅಪ್‌ಡೇಟ್ ಆದ ಮೇಲೆ ಮಷಿನ್ ಸೇರದೆ ಇರುವುದು ಆಗಾಗ ಆಗುತ್ತದೆ. ಹೆದರಬೇಡಿ. ಬ್ಲೂಟೂತ್ ಪಟ್ಟಿಯಿಂದ ಮಷಿನಿನ ಹೆಸರು ಅಳಿಸಿ, ಮಷಿನ್ ಆಫ್ ಮಾಡಿ ಆನ್ ಮಾಡಿ, ಮತ್ತೆ ಪೇರ್ ಮಾಡಿ. ಕೊಳ್ಳುವ ದಿನವೇ ಇದನ್ನು ನಿಮ್ಮ ಕೈಯಿಂದ ಮಾಡಿಸಿ ಕಲಿಸಲು ಹೇಳಿ. ಪ್ರತಿ ಸಲ ಇದಕ್ಕಾಗಿ ಬಸ್ಸು ಹತ್ತಿ ಬರುವಂತೆ ಆಗಬಾರದು.

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆಗೆ 80 ದಾಟಿದೆ. ಅವರಿಗೆ ಬಟನ್ ಫೋನ್ ಬಿಟ್ಟು ಬೇರೆ ಬರುವುದಿಲ್ಲ. ಅವರಿಗೂ ಬ್ಲೂಟೂತ್ ಇರುವ ಮಷಿನೇ ಬೇಕಾ?

ಉತ್ತರ: ಬೇಡ. ಅವರಿಗೆ ಎದುರಿನ ಮಾತು ಸ್ಪಷ್ಟ ಕೇಳಬೇಕು, ಮಷಿನ್ ಕೈಗೆ ಸಿಗುವಷ್ಟು ದೊಡ್ಡದಿರಬೇಕು, ಬಟನ್ ಬೆರಳಿಗೆ ತಾಗಬೇಕು. ಕಿವಿ ಹಿಂದೆ ಕೂರುವ ಮಷಿನ್, ಅವರ ಕಿವಿಯ ಅಳತೆಗೆ ಮಾಡಿಸಿದ ಮೋಲ್ಡ್, ಇಷ್ಟು ಸಾಕು. ಫೋನಿಗೆ ಸ್ಪೀಕರ್ ಆನ್ ಮಾಡಿ ಕೊಡಿ. ರಿಸೀವರ್ ಹಿಡಿದೇ ಮಾತಾಡುವ ಅಭ್ಯಾಸ ಇದ್ದರೆ, ಫೋನನ್ನು ಕಿವಿ ತೂತಿಗೆ ಅಲ್ಲ, ಸ್ವಲ್ಪ ಮೇಲೆ, ಮಷಿನಿನ ಮೈಕ್ ಇರುವ ಜಾಗಕ್ಕೆ ಹಿಡಿಯಲು ಕಲಿಸಿ. ಇದನ್ನು ಪಕ್ಕದಲ್ಲಿ ಕೂತು ಕೈ ಹಿಡಿದೇ ತೋರಿಸಬೇಕು, ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಟೆಲಿಕಾಯಿಲ್ (ಫೋನಿನ ಕಾಂತ ಸಂಕೇತ ಹಿಡಿಯುವ ಪುಟ್ಟ ಸುರುಳಿ) ಇರುವ ಮಷಿನ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದಕ್ಕೆ ಹೊಂದುವ ಫೋನಿದ್ದರೆ ಸುತ್ತಲಿನ ಗದ್ದಲ ಬಿಟ್ಟು ಫೋನಿನ ಧ್ವನಿ ಮಾತ್ರ ಬರುತ್ತದೆ.

ಪ್ರಶ್ನೆ: ಭಾಗಮಂಡಲದ ಕಡೆಯವರು ನಾವು. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಚಾರ್ಜ್ ಮಾಡುವ ಮಷಿನ್ ತಗೊಳ್ಳಬಹುದಾ, ಸೆಲ್ ಹಾಕುವುದೇ ಒಳ್ಳೆಯದಾ?

ಉತ್ತರ: ಫೋನ್ ಜಾಸ್ತಿ ಬಳಸುವವರಾದರೆ ಚಾರ್ಜ್ ಮಾಡುವುದೇ ಇರಲಿ. ಬ್ಲೂಟೂತಿನಲ್ಲಿ ತುಂಬಾ ಮಾತಾಡಿದರೆ ಸೆಲ್ ಬೇಗ ಮುಗಿಯುತ್ತದೆ. ಈಗಿನ ಹೆಚ್ಚಿನ ಚಾರ್ಜರುಗಳಿಗೆ ಯುಎಸ್‌ಬಿ ವೈರ್ ಇರುತ್ತದೆ, ಪವರ್ ಬ್ಯಾಂಕಿಗೆ, ಜೀಪಿಗೆ ಸಿಕ್ಕಿಸಬಹುದು. ಕೆಲವು ಚಾರ್ಜರುಗಳ ಡಬ್ಬಿಯೊಳಗೇ ಬ್ಯಾಟರಿ ಇರುತ್ತದೆ, ಕರೆಂಟಿಲ್ಲದೆಯೂ ಕೆಲವು ದಿನ ಮಷಿನಿಗೆ ಚಾರ್ಜ್ ಕೊಡುತ್ತದೆ. ಅಂಥದ್ದನ್ನೇ ಕೇಳಿ ತಗೊಳ್ಳಿ, ಸ್ವಲ್ಪ ಜಾಸ್ತಿ ಆದರೂ ನಿಮ್ಮ ಕಡೆಗೆ ಅದು ಬೇಕು.

ಸೆಲ್ಲಿನ ಮಷಿನ್ ಇರುವವರು ಒಂದು ವಿಷಯ ತಿಳಿದಿರಿ. ಆ ಸೆಲ್ ಗಾಳಿಯಿಂದ ಕೆಲಸ ಮಾಡುವಂಥದ್ದು. ಹಿಂದಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ಸ್ಟಿಕ್ಕರ್ ವಾಪಸ್ ಅಂಟಿಸಿದರೆ ಉಳಿಯುವುದಿಲ್ಲ.

ಯಾವುದೇ ಮಷಿನ್ ಆಗಲಿ, ಜೂನಿನಿಂದ ಸೆಪ್ಟೆಂಬರ್ ತನಕ ರಾತ್ರಿ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲೇ ಇಡಿ. ಸೆಲ್ ತೆಗೆದು ಹೊರಗಿಡಿ, ಅದರ ಬಾಗಿಲು ತೆರೆದಿರಲಿ. ಚಾರ್ಜ್ ಮಾಡುವಂಥದ್ದಾದರೆ ಚಾರ್ಜ್ ತುಂಬಿದ ಮೇಲೆ ಆಫ್ ಮಾಡಿ ಡಬ್ಬಿಗೆ ಹಾಕಿ. ಹರಳಿನ ಬಣ್ಣ ಬದಲಾದರೆ ಹರಳು ತೇವ ಹೀರಿ ಮುಗಿದಿದೆ ಅಂತ ಅರ್ಥ, ಬದಲಿಸಿ. ಐಪಿ68 (ನೀರು, ಧೂಳು ತಡೆಯುವ ದರ್ಜೆ) ಅಂತ ಬರೆದಿದ್ದರೂ ಈ ಅಭ್ಯಾಸ ಬಿಡಬೇಡಿ. ಆ ಪರೀಕ್ಷೆ ಮಾಡುವುದು ಹೊಸ ಮಷಿನನ್ನು ಶುದ್ಧ ನೀರಿನಲ್ಲಿ ಮುಳುಗಿಸಿ. ತಿಂಗಳುಗಟ್ಟಲೆ ಬೆವರು, ತೇವ ತಿಂದ ಮಷಿನಿನ ಕಥೆ ಬೇರೆ. ಮೈಕಿನ ಬಾಯಿಗೆ ತೇವ ಕೂತರೆ ಮಾತು ಗೊಗ್ಗರಾಗುತ್ತದೆ, ಒಂದು ಬದಿ ಸತ್ತಂತಾಗುತ್ತದೆ. ನೆನೆದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಒಣಗಿಸಲು ಇಡಬೇಡಿ, ಹೊಗೆಯ ಮಸಿ ಮೈಕಿನ ತೂತಿಗೆ ಕೂರುತ್ತದೆ, ಬಿಸಿಗೆ ಒಳಗಿನ ಬ್ಯಾಟರಿಯೂ ಹಾಳಾಗುತ್ತದೆ.